ಪಿನ್ನು ಹೊಡೆದ ಎರಡು ಹಾಳೆ

ನಾರಾಯಣಪೇಟೆಯ ಆ ಮನೆಯಲ್ಲಿ ಮುಚ್ಚಳಗಳ ಜಗಳ ಮುಗಿದ ದಿನವೇ ಇರಲಿಲ್ಲ. ಉಮಾಶ್ರೀ ಮುಚ್ಚುತ್ತಿದ್ದಳು, ಬುಚ್ಚಮ್ಮ ತೆಗೆಯುತ್ತಿದ್ದಳು. ಹಾಲಿನ ಪಾತೇಲಿ, ಜೋಳದ ಹಿಟ್ಟಿನ ಡಬ್ಬಿ, ರೊಟ್ಟಿ ಬುಟ್ಟಿ, ಕುಡಿಯುವ ನೀರಿನ ಕೊಡ, ಮುಚ್ಚಿದ್ದು ಯಾವುದೇ ಕಣ್ಣಿಗೆ ಬಿದ್ದರೂ ಎಂಬತ್ತೈದು ದಾಟಿದ ಆ ಮುದುಕಿಯ ಕೈ ಸುಮ್ಮನಿರುತ್ತಿರಲಿಲ್ಲ. ನಡೆಯುತ್ತ ನಡೆಯುತ್ತಲೇ ಮುಚ್ಚಳವನ್ನು ಒಂದಿಷ್ಟು ಓರೆ ಮಾಡಿ ಮುಂದೆ ಹೋಗುವಳು. ಹಾಲಿನಲ್ಲಿ ನೊಣ ತೇಲುವುದು, ಹಿಟ್ಟಿಗೆ ಇರುವೆ ಮುತ್ತುವುದು, ಉಮಾಶ್ರೀಯ ತಲೆ ಕಾಯುವುದು.

“ಆಯಿ, ಎಷ್ಟು ಸಲ ಹೇಳ್ಲಿರಿ? ಕೂಸು ಕುಡಿಯೋ ನೀರ್ರೀ ಅದು.”

“ಕುಡೀಲಿ ಬಿಡವ್ವಾ. ನೀರಿಗೂ ಒಂದೀಟು ಗಾಳಿ ಬ್ಯಾಡೇನು?”

“ನೀರಿಗೆ ಯಾಕ್ರೀ ಗಾಳಿ!”

“ಹೈದ್ರಾಬಾದಿನ ಸಾಲ್ಯಾಗ ಇದನ್ನ ಕಲಸ್ಲಿಲ್ಲೇನ ಹಂಗಾರ,” ಎಂದು ಬುಚ್ಚಮ್ಮ ಬೊಚ್ಚುಬಾಯಿ ತೆರೆದು ನಗುವಳು. ಅಷ್ಟೊತ್ತಿಗೆ ಅವಳು ಹಿತ್ತಲ ಬಾಗಿಲಿಗೆ ಮುಟ್ಟಿರುತ್ತಿದ್ದಳು. ಒಂದು ಕಡೆ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಮುಂಬಾಗಿಲಿನಿಂದ ಹಿತ್ತಲಿಗೆ, ಹಿತ್ತಲಿನಿಂದ ಮುಂಬಾಗಿಲಿಗೆ, ಮಗ್ಗದ ಲಾಳಿಯ ಹಾಗೆ.

ಬುಚ್ಚಮ್ಮ ಹುಟ್ಟಿದ್ದು ಇಟಿಕ್ಯಾಲದ ಹತ್ತಿರದ ಒಂದು ಹಳ್ಳಿಯಲ್ಲಿ. ಹದಿನಾಲ್ಕಕ್ಕೆ ಗಟ್ಟುವಿನ ಒಕ್ಕಲು ಮನೆಗೆ ಸೊಸೆಯಾಗಿ ಬಂದಳು. ಗಂಡ ತೀರಿಕೊಂಡ ಮೇಲೆ ಮಕ್ತಲ್‌ನಲ್ಲಿ ಮಗಳ ಮನೆಯಲ್ಲಿ ಕೆಲವು ವರ್ಷ ಇದ್ದಳು. ಮೊಮ್ಮಗ ಕಾಂತೇಶ, ಉಮಾಶ್ರೀಯ ಗಂಡ, ನಾರಾಯಣಪೇಟೆಯಲ್ಲಿ ಸೀರೆ ಅಂಗಡಿ ಹಾಕಿದ ಮೇಲೆ ಇಲ್ಲಿಗೆ ಬಂದಳು. ಅವಳ ಬಗ್ಗೆ ಉಮಾಶ್ರೀಗೆ ಗೊತ್ತಿದ್ದದ್ದು ಇಷ್ಟೇ. ಕಾಂತೇಶನನ್ನು ಕೇಳಿದರೆ, “ಆಯಿ ಮೊದ್ಲಿಂದ ಹಂಗ, ಕಾಲಾಗ ಚಕ್ರ ಅದಾವ,” ಎಂದು ಮಾತು ಮುಗಿಸುತ್ತಿದ್ದ.

ಉಮಾಶ್ರೀಯ ಕಾಲಲ್ಲಿ ಚಕ್ರವಿರಲಿಲ್ಲ, ತಲೆಯಲ್ಲಿತ್ತು. ಮೂರನೇ ಕ್ಲಾಸಿನ ಮಗಳು ನವನೀತಾ ಶಾಲೆಯ ಆಟೋ ಹತ್ತಿದ ಕ್ಷಣದಿಂದ ಆಟೋ ಪಲ್ಟಿಯಾಗುವುದು ಅವಳ ಕಣ್ಣಿಗೆ ಕಟ್ಟುತ್ತಿತ್ತು. ಒಂದೂವರೆ ವರ್ಷದ ಮಗ ಶಿವಕಾಂತ ಕೆಮ್ಮಿದರೆ ಅವಳು ಫೋನಿನಲ್ಲಿ ಕೆಮ್ಮಿನ ಬಗೆಗಳನ್ನೆಲ್ಲ ಓದುತ್ತ ಕೂರುತ್ತಿದ್ದಳು. ಅದೇ ಫೋನಿನಲ್ಲಿ ಯಾವುದೋ ದೇಶದ ಆಸ್ಪತ್ರೆಯ ಮೇಲೆ ಬಾಂಬು ಬಿದ್ದದ್ದು ಬಂದುಬಿಡುವುದು, ಧೂಳು ಮೆತ್ತಿದ ಮಕ್ಕಳ ಮುಖ ಬಂದುಬಿಡುವುದು. ತಟ್ಟನೆ ಫೋನನ್ನು ಬೋರಲು ಹಾಕಿ, ಮಗಳು ನೋಡಿದಳೋ ಏನೋ ಎಂದು ಅವಳ ಮುಖವನ್ನೇ ನೋಡುವಳು.

ಹೀಗಿರುವಾಗ ಒಂದು ಶನಿವಾರ ಆ ಪುಸ್ತಕ ಮನೆಗೆ ಬಂತು.

ನವನೀತಾಳ ಶಾಲೆಯಲ್ಲಿ ಶನಿವಾರಕ್ಕೊಂದು ಪುಸ್ತಕ ಮನೆಗೆ ಕೊಡುವ ಪದ್ಧತಿ. ಈ ಸಲ ಹೊಸ ಕಟ್ಟು ಬಂದಿತ್ತು. ಎಲ್ಲವೂ ಯುದ್ಧ ಕಂಡ ಮಕ್ಕಳ ಕಥೆಗಳು, ಬಣ್ಣದ ಚಿತ್ರ ಹೆಚ್ಚು, ಇಂಗ್ಲಿಷ್ ಅಕ್ಷರ ಕಡಿಮೆ. ಒಂದರಲ್ಲಿ ಹುಡುಗ ಮೇಕೆಮರಿ ಎತ್ತಿಕೊಂಡು ಗಡಿ ದಾಟುತ್ತಾನೆ, ಇನ್ನೊಂದರಲ್ಲಿ ಟೆಂಟಿನೊಳಗೆ ಶಾಲೆ. ನವನೀತಾ ತಂದದ್ದರಲ್ಲಿ ಒಬ್ಬ ಅಕ್ಕ, ಒಬ್ಬ ತಮ್ಮ, ಅವರ ತಾಯಿ. ಸೈರನ್ ಕೂಗುತ್ತದೆ, ಕಟ್ಟಡದ ಜನರೆಲ್ಲ ನೆಲಮನೆಗೆ ಓಡುತ್ತಾರೆ, ಮೆಟ್ಟಿಲ ಮೇಲಿನ ನೂಕುನುಗ್ಗಲಿನಲ್ಲಿ ಅಕ್ಕನ ಕೈಯಿಂದ ತಮ್ಮನ ಕೈ ತಪ್ಪುತ್ತದೆ.

ಮಗಳು ಊಟಕ್ಕೆ ಕೂತಾಗ ಉಮಾಶ್ರೀ ಪುಸ್ತಕ ತಿರುವಿದಳು. ಮೆಟ್ಟಿಲಿನ ಚಿತ್ರದ ಮುಂದಿನ ಹಾಳೆಯಲ್ಲಿ ಬಿದ್ದ ಗೋಡೆ, ಇಟ್ಟಿಗೆಗಳ ನಡುವೆ ಒಂದು ಪುಟ್ಟ ಬೂಟು, ಮೊದಲ ಸಾಲಿನಲ್ಲೇ ‘ಸತ್ತ’ ಎಂಬ ಶಬ್ದ. ಮುಂದಕ್ಕೆ ಓದುವ ಧೈರ್ಯ ಅವಳಿಗಾಗಲಿಲ್ಲ. ಅಂಗಡಿಯ ಸ್ಟೇಪ್ಲರ್ ತಂದು ಆ ಎರಡು ಹಾಳೆಗಳನ್ನು ಸೇರಿಸಿ ಅಂಚಿಗೆ ಟಕಟಕ ಎಂದು ಮೂರು ಪಿನ್ನು ಹೊಡೆದಳು. ಈಗ ಮೆಟ್ಟಿಲಿನ ಚಿತ್ರ ದಾಟಿದರೆ ನೇರವಾಗಿ ಬಸ್ಸು. ಕಿಟಕಿಯ ಪಕ್ಕ ಅಕ್ಕ, ಹೊಸ ಊರು, ಹೊಸ ಶಾಲೆ.

“ಮಮ್ಮಿ, ಇಲ್ಲಿ ಪಿನ್ ಯಾಕ ಹೊಡದಾರ?”

“ಪ್ರಿಂಟ್ ಸರಿ ಬಂದಿಲ್ಲಂತ ನವ್ವಿ. ಮುಂದ ಓದು.”

ನವನೀತಾ ಮುಂದೆ ಓದಿದಳು. ಹಿಂದೆ ಬಂದಳು, ಮತ್ತೆ ಮುಂದೆ ಹೋದಳು. ಆಮೇಲೆ ಏನೂ ಕೇಳಲಿಲ್ಲ.

ಭಾನುವಾರದಿಂದ ಹುಡುಗಿಯ ವರಸೆ ಬದಲಾಯಿತು. ಸ್ಕೂಲ್ ಬ್ಯಾಗಿನೊಳಗೆ ಬಿಸ್ಕೀಟು, ನೀರಿನ ಬಾಟಲಿ, ಕಾಂತೇಶನ ಟಾರ್ಚು ಸೇರಿಕೊಂಡವು. ಮಲಗುವಾಗಲೂ ಕಾಲಿನ ಚಪ್ಪಲಿ ಬಿಚ್ಚಲೊಲ್ಲಳು. ಅಂಗಡಿಯಿಂದ ಸೀರೆಯಂಚಿನ ಒಂದು ತುಂಡು ತಂದು ಒಂದು ತುದಿಯನ್ನು ತನ್ನ ಕೈಗೂ ಇನ್ನೊಂದನ್ನು ತಮ್ಮನ ಸೊಂಟಕ್ಕೂ ಕಟ್ಟಿಕೊಂಡು ಮನೆಯೆಲ್ಲ ತಿರುಗುತ್ತಿದ್ದಳು. ಶಿವಕಾಂತ ಮೊದಮೊದಲು ನಕ್ಕ, ಆಮೇಲೆ ಎಳೆದಾಡಿ ಅತ್ತ. ಸೋಮವಾರ ಆಟೋ ಬಂದು ಹಾರ್ನ್ ಹೊಡೆದರೂ ಗಂಟು ಬಿಚ್ಚಲಿಲ್ಲ. ಉಮಾಶ್ರೀ ಕತ್ತರಿಯಿಂದ ಕತ್ತರಿಸಿ ಅವಳನ್ನು ದಬ್ಬಿ ಕಳಿಸಬೇಕಾಯಿತು.

ಮಂಗಳವಾರ ಕಾಂತೇಶ ಸೀರೆ ತರಲು ಗದ್ವಾಲಿಗೆ ಹೋಗಿದ್ದ. ಶಾಲೆ ಬಿಟ್ಟು ನವನೀತಾ ಮನೆಗೆ ಬಂದಿದ್ದಳು. ಉಮಾಶ್ರೀ ಒಣಗಿದ ಬಟ್ಟೆ ತೆಗೆಯಲು ಮಾಳಿಗೆ ಹತ್ತಿದ್ದಳು. ಬೀದಿಯಲ್ಲಿ ಮದುವೆಯ ಮೆರವಣಿಗೆ ಬಂತು, ಬ್ಯಾಂಡು ಬಂತು, ಯಾರೋ ಒಂದು ಮಾರುದ್ದದ ಪಟಾಕಿ ಸರಕ್ಕೆ ಬೆಂಕಿ ಇಟ್ಟರು. ಕಿವಿ ಗುಂಯ್ಗುಟ್ಟಿತು. ಹೊಗೆ ಆರುವ ಮೊದಲೇ ಉಮಾಶ್ರೀ ಕೆಳಗಿಳಿದಳು. ಮನೆಯಲ್ಲಿ ಇಬ್ಬರು ಮಕ್ಕಳೂ ಇಲ್ಲ.

“ನವ್ವೀ! ಶಿವೂ!”

ಹಿತ್ತಲು, ಬಚ್ಚಲು, ಮಂಚದ ಕೆಳಗೆ, ಎಲ್ಲಿಯೂ ಇಲ್ಲ. ಬೀದಿಗೆ ಓಡಿ ಬ್ಯಾಂಡಿನವರ ನಡುವೆ ತೂರಿ ನೋಡಿದಳು. ಒಳಗೆ ಬಂದಾಗ ಬುಚ್ಚಮ್ಮ ನಡುಮನೆ ದಾಟಿ ಒಳಕೋಣೆಗೆ ಹೋಗುತ್ತಿದ್ದಳು. ಆ ವಯಸ್ಸಿನವರು ಹಾಗೆ ಓಡುವುದನ್ನು ಉಮಾಶ್ರೀ ನೋಡಿರಲಿಲ್ಲ.

ಒಳಕೋಣೆಯಲ್ಲಿ ಕಾಂತೇಶನ ತಾತನ ಕಾಲದ ಸಂದೂಕವಿತ್ತು. ಕಟ್ಟಿಗೆಯದು, ಆಳವಾದದ್ದು, ರೇಷ್ಮೆ ಸೀರೆಗಳನ್ನು ಬಟ್ಟೆಯಲ್ಲಿ ಸುತ್ತಿಡುವುದು ಅದರಲ್ಲೇ. ಮುಚ್ಚಿದ ಸಂದೂಕದ ಮೇಲೆ ನವನೀತಾ ಬ್ಯಾಗು ತಬ್ಬಿಕೊಂಡು ಕೂತಿದ್ದಳು. ತುಟಿಯ ಮೇಲೆ ಬೆರಳಿಟ್ಟು, “ಶ್… ಶಿವೂ ಒಳಗ ಅದಾನ. ಅವರಿಗೆ ಕಾಣಂಗಿಲ್ಲ,” ಎಂದಳು.

ಬುಚ್ಚಮ್ಮ ಹುಡುಗಿಯನ್ನು ಒಂದೇ ಕೈಯಲ್ಲಿ ಆಚೆ ದೂಡಿ, ಕಾಂತೇಶ ಏದುಸಿರು ಬಿಟ್ಟು ಎತ್ತುವ ಆ ಮುಚ್ಚಳವನ್ನು ಗೋಡೆಗೆ ಬಡಿಯುವ ಹಾಗೆ ಎತ್ತಿ ಹಾಕಿದಳು. ಸೀರೆಗಳ ನಡುವೆ ಶಿವಕಾಂತ. ಮುಖ ಕೆಂಪಗಾಗಿತ್ತು, ಮೈಯೆಲ್ಲ ಬೆವೆತಿತ್ತು, ಬಾಯಿ ತೆರೆದಿತ್ತು, ಆದರೆ ದನಿ ಇರಲಿಲ್ಲ. ಒಂದು ಕ್ಷಣದ ಮೇಲೆ ದನಿ ಬಂತು, ಮನೆ ಹಾರಿಹೋಗುವಷ್ಟು ಜೋರಾಗಿ.

ಉಮಾಶ್ರೀ ಮಗಳ ಬೆನ್ನಿಗೆ ಎರಡು ಬಾರಿಸಿದಳು. ಆಮೇಲೆ ಅವಳನ್ನೇ ಅವಚಿಕೊಂಡಳು. ಬುಚ್ಚಮ್ಮ ಕೂಸನ್ನು ಹಿತ್ತಲಿಗೆ ಎತ್ತಿಕೊಂಡು ಹೋಗಿ, ಮುಖಕ್ಕೆ ಗಾಳಿ ಊದುತ್ತ, ಯಾರು ಕೈ ಚಾಚಿದರೂ ಕೊಡದೆ, ಒಂದೇ ಮಾತು ಹೇಳುತ್ತಿದ್ದಳು. “ಉಸುರಾಡಪಾ ಮಲ್ಲಾ. ಉಸುರಾಡು.”

ಆ ಮನೆಯಲ್ಲಿ ಮಲ್ಲ ಎನ್ನುವವರು ಯಾರೂ ಇರಲಿಲ್ಲ.

ಬುಧವಾರ ಬೆಳಿಗ್ಗೆ ಮಗಳ ಆಟೋ ಹೋದದ್ದೇ ತಡ, ಉಮಾಶ್ರೀ ಶಾಲೆಯ ಚಂದ್ರಕಾಂತ್ ಸರ್‌ಗೆ ಫೋನು ಹಚ್ಚಿದಳು. ಪುಸ್ತಕ ಕೊಡುತ್ತಿದ್ದವರು ಅವರೇ.

“ಸರ್, ಎಂಟು ವರ್ಷದ ಮಗೂಗೆ ಇಂಥ ಪುಸ್ತಕ ಕೊಡೋದಾ? ನಿನ್ನೆ ನಮ್ಮನೇಲಿ ಏನಾಗಿತ್ತು ಗೊತ್ತೇನ್ರಿ ನಿಮಗ?” ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು, ಪಿನ್ನಿನ ಸಂಗತಿಯೊಂದನ್ನು ಬಿಟ್ಟು.

“ಕೂಸು ಆರಾಮ ಐತಲ್ರೀ ಮೇಡಂ?” ಎಂದರು ಸರ್. “ಮಕ್ಳು ಫೋನಿನ್ಯಾಗ ಇದನ್ನೆಲ್ಲ ನೋಡೇ ನೋಡ್ತಾವ್ರೀ. ಅಲ್ಲಿ ಬರೇ ಧೂಳು ಕಾಣತೈತಿ. ಪುಸ್ತಕದಾಗ ಒಂದು ಹುಡುಗಿ ಸಿಗತಾಳ, ಅವಳ ಜೋಡಿ ಇವೂ ದಾಟತಾವ ಅಂತ ಕೊಟ್ಟೆ. ನವನೀತಾ ಕಡೀತನ ಓದಿದ್ಲೇನ್ರೀ?”

“ಓದಿದ್ಲು,” ಎಂದು ಉಮಾಶ್ರೀ ಫೋನು ಇಟ್ಟಳು. ಪುಸ್ತಕವನ್ನು ಕೈಚೀಲಕ್ಕೆ ಹಾಕಿ, ಶಾಲೆಗೇ ಹೋಗಿ ಮುಖಕ್ಕೆ ಹಿಡಿದು ಕೊಟ್ಟು ಬರುತ್ತೇನೆಂದು ಕೂಸನ್ನು ಎತ್ತಿಕೊಂಡಳು.

ಬುಚ್ಚಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. “ಏನು ಬರದಾರ ಅದ್ರಾಗ?”

“ಏನಿಲ್ರೀ ಆಯಿ. ಯಾವುದೋ ದೇಶದ್ದು.”

“ದೇಶ ಯಾವುದರ ಇರ್ಲಿ. ನನಗ ಅಕ್ಷರ ಬರಂಗಿಲ್ಲ, ಓದು. ಓದಿ ಆಮ್ಯಾಲ ಎಲ್ಲಿ ಬೇಕಾದಲ್ಲಿ ಒಗದು ಬಾ.”

ಬೇರೆ ದಾರಿ ಕಾಣದೆ ಉಮಾಶ್ರೀ ಹೊಸ್ತಿಲ ಮೇಲೆ ಕೂತು, ಒಂದೊಂದು ಸಾಲನ್ನೂ ಕನ್ನಡಕ್ಕೆ ತಿರುಗಿಸುತ್ತ ಹೇಳಿದಳು. ಬುಚ್ಚಮ್ಮ ಅತ್ತಿಂದಿತ್ತ ಓಡಾಡುತ್ತಲೇ ಕೇಳಿದಳು. ಸೈರನ್ ಬಂತು, ಮೆಟ್ಟಿಲು ಬಂತು, ಕೈ ತಪ್ಪಿತು. ಉಮಾಶ್ರೀ ಪಿನ್ನು ಹೊಡೆದ ಹಾಳೆಗಳನ್ನು ಒಟ್ಟಿಗೇ ಮಗುಚಿ, ದನಿ ಬದಲಿಸದೆ, “ಆಮ್ಯಾಲ ಅವ್ರು ಬಸ್ ಹತ್ತಿ ಬೇರೆ ಊರಿಗೆ ಹೋದ್ರು,” ಎಂದಳು.

ಬುಚ್ಚಮ್ಮ ನಿಂತಳು. “ತಮ್ಮ ಎಲ್ಲಿ?”

“ಯಾವ ತಮ್ಮಾರೀ?”

“ಮೆಟ್ಲದ ಮ್ಯಾಲ ಕೈ ಬಿಟ್ಟನಲ್ಲ, ಅವ. ಬಸ್ಸಿನ್ಯಾಗ ಅವನ ಸುದ್ದೀನ ಇಲ್ಲ.”

“ಅವ… ಹಿಂದಿನ ಬಸ್ಸಿಗೆ ಬರ್ತಾನ್ರೀ.”

ಬುಚ್ಚಮ್ಮ ನಕ್ಕಳು. ಮುಚ್ಚಳದ ಜಗಳದಲ್ಲಿ ನಗುತ್ತಿದ್ದ ನಗು ಅದಲ್ಲ. “ನನಗೂ ಹಿಂಗ ಹೇಳಿದ್ರು ನೋಡವ್ವಾ. ಹಿಂದಿನ ಹರಗೋಲಿಗೆ ಬರ್ತಾನ ಅಂತ.”

“ಯಾರ್ರೀ?”

“ಮಲ್ಲಣ್ಣ. ನನ್ನ ತಮ್ಮ. ಐದು ವರ್ಷ ಅವನಿಗೆ, ನನಗ ಎಂಟು.”

ಉಮಾಶ್ರೀ ಪುಸ್ತಕ ಮುಚ್ಚಿದಳು. ಮುದುಕಿಗೆ ಎಂಟು ವರ್ಷ ಎಂದರೆ ನಿಜಾಮನ ರಾಜ್ಯದ ಕೊನೆಯ ವರ್ಷ, ರಜಾಕಾರರ ದಂಡು ಹಳ್ಳಿಗಳ ಮೇಲೆ ಬೀಳುತ್ತಿದ್ದ ಕಾಲ; ಅದನ್ನು ಅವಳು ಪರೀಕ್ಷೆಗೆ ಓದಿದ್ದಳು, ಎರಡು ಅಂಕದ ಪ್ರಶ್ನೆಗೆ. ಅದು ತನ್ನ ಮನೆಯ ಹೊಸ್ತಿಲ ಮೇಲೆ ನಿಂತು ಮಾತಾಡೀತು ಎಂದು ಅವಳಿಗೆ ಹೊಳೆದಿರಲಿಲ್ಲ.

“ಊರು ಸುಡ್ತಾರ, ಮಕ್ಳನ್ನ ಎತ್ತಿ ಒಯ್ತಾರ ಅಂತ ದಿನಾ ಸುದ್ದಿ,” ಎಂದಳು ಬುಚ್ಚಮ್ಮ. “ನದಿ ದಾಟಿ ಕರ್ನೂಲಿಗೆ ಹೋದ್ರ ಬದಕತೀವಿ ಅಂತ ಮಂದಿ ಹೊಂಟಿದ್ರು. ಒಂದಿನ ಸಂಜೀಮುಂದ ಊರ ಮುಂದ ಧೂಳು ಎದ್ದಿತು. ಬಂದ್ರು ಬಂದ್ರು ಅಂತ ಎಲ್ಲಾರೂ ಒದರಿದ್ರು. ನಮ್ಮ ಅಂಗಳದಾಗ ಹಗೇವು ಇತ್ತು. ನಿನಗೆಲ್ಲಿ ಗೊತ್ತು. ಜೋಳ ತುಂಬಿಡೋ ಕುಣಿ, ಎರಡಾಳು ಆಳ, ಬಾಯಿ ಸಣ್ಣದು. ಒಳಗ ಕೆಟ್ಟ ಗಾಳಿ ಕಟ್ಟಿರತೈತಿ, ಮುಚ್ಚಳ ತೆಗದ್ರ ಒಂದು ದಿನ ಗಾಳಿಗೆ ಬಿಡಬೇಕು, ಆಮ್ಯಾಲ ಹಗ್ಗಕ್ಕ ದೀಪ ಕಟ್ಟಿ ಬಿಡಬೇಕು. ದೀಪ ಉರದ್ರ ಮನಶಾ ಇಳೀಬೇಕು. ಇದು ಸಣ್ಣ ಹುಡುಗ್ರಿಗೂ ಗೊತ್ತು. ನಮ್ಮಪ್ಪಗ ಗೊತ್ತಿರಲಿಲ್ಲೇನು? ಆವತ್ತ ಪುರಸತ್ತಿಲ್ಲ. ಆಗಷ್ಟ ಬಾಯಿ ಮ್ಯಾಲಿನ ಕಲ್ಲು ಸರಿಸಿ, ಮಕ್ಳನ್ನ ಮೊದಲ ಬಚ್ಚಿಡೂಣು ಅಂದ.”

ಶಿವಕಾಂತ ತಾಯಿಯ ತೊಡೆಯಿಂದ ಇಳಿದು ತೆವಳಿಕೊಂಡು ಹೋಗಿ ಮುದುಕಿಯ ಸೀರೆ ಹಿಡಿದ. ಅವಳು ಅವನ ತಲೆ ಮುಟ್ಟಿ ಮತ್ತೆ ನಡೆದಳು.

“ನನ್ನ ನಡಕ್ಕ ಹಗ್ಗ ಕಟ್ಟಿದ್ರವ್ವಾ ಮೊದ್ಲು. ನನಗ ಕತ್ತಲಿ ಅಂದ್ರ ಅಂಜಿಕಿ. ಒಲ್ಲೆ, ಮಲ್ಲ ಮೊದ್ಲು ಹೋಗ್ಲಿ ಅಂತ ಹಟ ಮಾಡ್ದೆ. ಹಗ್ಗ ಬಿಚ್ಚಿ ಅವಗ ಕಟ್ಟಿದ್ರು. ಅವ ನಕ್ಕೋಂತ ಇಳದ. ಅಪ್ಪ ಮ್ಯಾಲಿಂದ ಮಲ್ಲಾ ಅಂದ. ಮತ್ತೊಮ್ಮೆ ಮಲ್ಲಾ ಅಂದ. ಅಷ್ಟ ನನಗ ಕೇಳಿಸಿದ್ದು. ನಮ್ಮ ಸೋದರತ್ತಿ ನನ್ನ ಕಣ್ಣು ಮುಚ್ಚಿ ಎತ್ಕೊಂಡು ಹೊಳಿ ಕಡೆ ಓಡಿದ್ಲು.”

“ಅವರು… ಬಂದ್ರೇನ್ರೀ ಊರಿಗೆ?”

“ಯಾರೂ ಬರ್ಲಿಲ್ಲ ಆವತ್ತ. ಅದು ಮೇದು ಬರೋ ದನದ ಧೂಳು.”

ಉಮಾಶ್ರೀ ಕೂಸನ್ನು ಮತ್ತೆ ತೊಡೆಗೆ ಎಳೆದುಕೊಂಡಳು.

“ಕರ್ನೂಲಿನ್ಯಾಗ ಸೋದರಮಾವನ ಹತ್ರ ಅದಾನ, ಸಾಲಿ ಕಲೀತಾನ ಅಂದ್ರು. ಲಗ್ನಾದ ಮ್ಯಾಲ ನಾಗರ ಪಂಚಮಿ ಬಂತಂದ್ರ ಎಲ್ಲಾರ್ನೂ ಕರಿಯಾಕ ಅಣ್ಣತಮ್ರು ಬರೋರು. ನಾ ಗಟ್ಟುವಿನ್ಯಾಗ ಬಾಗಿಲ ಮುಂದ ನಿಂತಿರತಿದ್ದೆ. ಅಪ್ಪ ಒಬ್ಬನ ಬರೋನು. ಮಲ್ಲ ಎಲ್ಲಿ ಅಂದ್ರ, ಬರೂ ಪಂಚಮಿಗೆ ಅನ್ನೋನು. ಒಂದು ಪಂಚಮಿ, ಹತ್ತು ಪಂಚಮಿ.” ಹಿತ್ತಲವರೆಗೆ ಹೋಗಿ ಬಂದಳು. “ಮೂರು ಮಕ್ಳ ತಾಯಿ ಆಗಿದ್ದೆ. ನಮ್ಮ ಗಂಡನ ಮನಿಯಾಗ ಹಗೇವು ತೆಗದ್ರು. ಮಾವ ದೀಪ ಬಿಟ್ರು. ಅರ್ಧಕ್ಕ ಹೋಗಿ ದೀಪ ಆರಿತು. ‘ಈಗ ಯಾರರ ಇಳದಿದ್ರ ಅಲ್ಲೇ ಹೋಗ್ತಿದ್ರು’ ಅಂದ್ರು ಮಾವ. ಅಲ್ಲಿ ನನಗ ತಿಳೀತು. ಯಾರೂ ಹೇಳ್ಲಿಲ್ಲವ್ವಾ, ದೀಪ ಹೇಳಿತು.”

“ನಿಮ್ಮವ್ವನ್ನ ಕೇಳ್ಲಿಲ್ಲೇನ್ರೀ?”

“ಕೇಳಿದೆ. ರೊಟ್ಟಿ ಆರತಾವ ಉಣ್ಣು ಅಂದ್ಲು.”

ಹಾಲಿನ ಪಾತೇಲಿಯ ಮುಚ್ಚಳ, ಕೊಡದ ಮುಚ್ಚಳ, ಡಬ್ಬಿಯ ಮುಚ್ಚಳ ಒಂದೊಂದಾಗಿ ಉಮಾಶ್ರೀಯ ಕಣ್ಣ ಮುಂದೆ ಬಂದವು. ಅವಳು ಏನಾದರೂ ಹೇಳಬೇಕೆಂದು ಬಾಯಿ ತೆರೆದಳು. “ನೀವು ಚಿಕ್ಕೋರಿದ್ರಿ ಆಯಿ. ನಿಮ್ಮ ತಪ್ಪೇನೈತ್ರೀ ಅದ್ರಾಗ?”

“ಇವತ್ತ ನೀ ಅಂದಿ. ಆಗ ಯಾರರ ಅನ್ನಬೇಕಂದ್ರ ಮೊದ್ಲ ಅವ ಸತ್ತಾನ ಅಂತ ಹೇಳಬೇಕಾಗಿತ್ತಲಾ? ಅದನ್ನ ಮುಚ್ಚಿಟ್ರು. ಇದೂ ಅದರ ಜೋಡಿ ಒಳಗ ಉಳೀತು.” ಬಗ್ಗಿ ಪುಸ್ತಕದ ಅಂಚನ್ನು ಬೆರಳಿನಿಂದ ಸವರಿದಳು. ಪಿನ್ನು ಬೆರಳಿಗೆ ತಾಗಿತು. “ಇದೇನು, ನೀನೇ ಹೊಡದೀಯೇನು?”

ಉಮಾಶ್ರೀ ಹೌದೆಂದು ತಲೆಯಾಡಿಸಿದಳು.

“ತೆಗಿ.”

ಉಮಾಶ್ರೀ ಅಡುಗೆಮನೆಯಿಂದ ಚಾಕು ತಂದು ಮೂರು ಪಿನ್ನುಗಳನ್ನೂ ಎಬ್ಬಿಸಿದಳು. ಉಗುರಿನ ಸಂದಿಯಲ್ಲಿ ರಕ್ತ ಬಂತು. ಅಂಟಿಕೊಂಡಿದ್ದ ಹಾಳೆ ಬಿಡಿಸಿ, ಶನಿವಾರ ತಾನು ಮೊದಲ ಸಾಲಿಗೇ ಬಿಟ್ಟದ್ದನ್ನು ಈಗ ಕೊನೆಯ ಸಾಲಿನವರೆಗೆ ಕನ್ನಡದಲ್ಲಿ ಗಟ್ಟಿಯಾಗಿ ಓದಿದಳು. ಅಲ್ಲಿ ತಾಯಿ ಮಗಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದಳು: ತಮ್ಮ ಸತ್ತ. ನಿನ್ನ ಕೈ ತಪ್ಪಿದ್ದಕ್ಕೆ ಸಾಯಲಿಲ್ಲ, ಗೋಡೆ ಬಿದ್ದದ್ದಕ್ಕೆ ಸತ್ತ. ಗೋಡೆ ಬೀಳಿಸಿದವಳು ನೀನಲ್ಲ.

ಉಮಾಶ್ರೀಗೆ ಒಂದೊಂದೇ ನೆನಪಾಯಿತು. ಸೊಂಟಕ್ಕೆ ಕಟ್ಟಿದ ಸೀರೆಯಂಚು, ಬ್ಯಾಗಿನ ಟಾರ್ಚು, ಸಂದೂಕ. ಕೈ ಬಿಟ್ಟರೆ ತಮ್ಮ ಪುಸ್ತಕದಿಂದಲೇ ಮಾಯವಾಗುತ್ತಾನೆ ಎಂದು ನಾಲ್ಕು ದಿನದಿಂದ ನಂಬಿದ್ದ ಹುಡುಗಿಗೆ ಬೇಕಾಗಿದ್ದ ಮಾತು ಇದೊಂದೇ, ಅದನ್ನೇ ತಾನು ಅಮುಕಿಟ್ಟಿದ್ದಳು.

“ಅದೊಂದು ಮತ್ತೊಮ್ಮೆ ಓದು,” ಎಂದಳು ಬುಚ್ಚಮ್ಮ. ಉಮಾಶ್ರೀ ಓದಿದಳು. “ಇನ್ನೊಮ್ಮೆ,” ಎಂದಳು. ಮೂರನೆಯ ಸಲ ಓದುವಾಗ ಮುದುಕಿ ಗೋಡೆಗೆ ಹಣೆ ಹಚ್ಚಿ ನಿಂತಿದ್ದಳು.

ಅವತ್ತು ಉಮಾಶ್ರೀ ಶಾಲೆಗೆ ಹೋಗಲಿಲ್ಲ. ಸಂಜೆಯವರೆಗೆ ಏನು ಮಾಡಿದರೂ ಕೈಗೆ ಹತ್ತಲಿಲ್ಲ. ಹೇಳುವ ಮಾತನ್ನು ಮನಸ್ಸಿನಲ್ಲೇ ಹತ್ತು ಬಗೆಯಲ್ಲಿ ಜೋಡಿಸಿದಳು, ಹತ್ತನ್ನೂ ಕೆಡಿಸಿದಳು. ಹೇಳಿದ ಮೇಲೆ ಹುಡುಗಿ ಇನ್ನಷ್ಟು ಬೆದರಿದರೆ? ರಾತ್ರಿ ಚೀರಿದರೆ? ಮುಂದೆ ಎಂದೂ ನಗದಿದ್ದರೆ?

ಆಟೋ ಬಂತು. ನವನೀತಾ ಬ್ಯಾಗು ಇಳಿಸದೆ ಮೊದಲು ತಮ್ಮ ಇದ್ದಾನೋ ಎಂದು ನೋಡಿದಳು. ಉಮಾಶ್ರೀ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಏನೂ ಪೀಠಿಕೆ ಹಾಕಲು ಬಾರದೆ, ಪುಸ್ತಕ ತೆರೆದು ಕೊಟ್ಟಳು.

ಹುಡುಗಿ ಅಕ್ಷರದ ಕೆಳಗೆ ಬೆರಳು ಸರಿಸುತ್ತ ತಾನೇ ಓದಿದಳು. ಬೂಟಿನ ಚಿತ್ರದ ಮೇಲೆ ಬಹಳ ಹೊತ್ತು ನಿಂತಳು. ಕೊನೆಯ ಸಾಲಿಗೆ ಬಂದು ಹಿಂದಿನ ಸಾಲಿಗೆ ಹೋದಳು.

“ಕೈ ಬಿಟ್ಟಿದ್ದಕ್ಕ ಅಲ್ಲಾ?”

“ಅಲ್ಲ.”

“ಪಕ್ಕಾ?”

“ಪಕ್ಕಾ ನವ್ವಿ.”

ಕಣ್ಣಲ್ಲಿ ನೀರು ಬಂತು, ಆದರೆ ಚೀರಲಿಲ್ಲ. ಮೂಗು ಒರೆಸಿಕೊಂಡು ಹಾಳೆಯ ಅಂಚಿನ ಆರು ತೂತುಗಳನ್ನು ಮುಟ್ಟಿ ನೋಡಿದಳು. “ಪ್ರಿಂಟ್ ಛಲೋ ಐತಲ್ಲ ಮಮ್ಮಿ. ನೀ ಯಾಕ ಇಲ್ಲಂದಿ?”

“ಸುಳ್ಳು ಹೇಳ್ದೆ. ನನಗ ಅಂಜಿಕಿ ಆಗಿತ್ತು.”

“ನಿನಗಾ?” ಮಗಳಿಗೆ ಅದೇ ದೊಡ್ಡ ಸುದ್ದಿಯಾಯಿತು. ಅಷ್ಟರಲ್ಲೇ ಇನ್ನೊಂದು ಪ್ರಶ್ನೆ ಬಂತು, ಉಮಾಶ್ರೀ ದಿನವೆಲ್ಲ ಹೆದರುತ್ತಿದ್ದ ಪ್ರಶ್ನೆ. “ಹಿಂಗ ನಮ್ಮ ಕಡೆನೂ ಆಗಿತ್ತೇನ್ ಮಮ್ಮಿ?”

‘ಇಲ್ಲ ಪುಟ್ಟಾ, ಅದು ದೂರದ ದೇಶ’ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಸಿದ್ಧವಿತ್ತು. ಉಮಾಶ್ರೀ ತಲೆ ಎತ್ತಿದಳು. ಬುಚ್ಚಮ್ಮ ನಡುಮನೆಯ ಮಧ್ಯೆ ನಿಂತು ಇವಳನ್ನೇ ನೋಡುತ್ತಿದ್ದಳು. ಹೇಳು ಎಂದೂ ಅನ್ನುತ್ತಿರಲಿಲ್ಲ, ಬೇಡ ಎಂದೂ ಅನ್ನುತ್ತಿರಲಿಲ್ಲ. ಅಪ್ಪಣೆ ಇವಳದೇ ಆಗಬೇಕಿತ್ತು.

“ದೊಡ್ಡಾಯಿನ್ನ ಕೇಳು,” ಎಂದಳು ಉಮಾಶ್ರೀ. ಮುದುಕಿಯ ಕಡೆ ತಿರುಗಿದಳು. “ಹೇಳ್ರಿ ಆಯಿ. ಪೂರಾ ಹೇಳ್ರಿ.”

ನವನೀತಾ ಎದ್ದು ಮುತ್ತಜ್ಜಿಯ ಬೆರಳು ಹಿಡಿದಳು. ನಿಂತು ಕಥೆ ಹೇಳುವುದು ಬುಚ್ಚಮ್ಮನಿಗೆ ಬರುವ ಹಾಗಿರಲಿಲ್ಲ. ಅವಳು ಮುಂಬಾಗಿಲಿಗೆ ಹೊರಟಳು, ಹುಡುಗಿ ಜೊತೆಗೇ ಹೊರಟಳು. ತಿರುಗಿ ಹಿತ್ತಲಿಗೆ ಹೊರಟರು. ಹತ್ತಿರ ಬಂದಾಗ ಉಮಾಶ್ರೀಗೆ ಎರಡು ಮಾತು ಕೇಳಿಸುತ್ತಿತ್ತು, ದೂರ ಹೋದರೆ ಇಲ್ಲ. ಕಥೆ ಈಗ ಎಲ್ಲಿಗೆ ಬಂತು, ಹೊಳೆಗೋ, ಹಗ್ಗಕ್ಕೋ, ಹುಡುಗಿಯ ಮುಖ ಹೇಗಿದೆಯೋ, ಒಂದೂ ಗೊತ್ತಾಗುತ್ತಿರಲಿಲ್ಲ. ಎದ್ದು ಹಿಂದೆಯೇ ಹೋಗಿ ನಡುವೆ ಬಾಯಿ ಹಾಕಬೇಕು, ಅಲ್ಲಿ ಸ್ವಲ್ಪ ಮೆಲ್ಲಗೆ ಹೇಳ್ರಿ ಆಯಿ ಎನ್ನಬೇಕು ಎಂದು ಅವಳ ಕಾಲು ತುಡಿಯುತ್ತಿತ್ತು. ತೊಡೆಯ ಮೇಲೆ ಶಿವಕಾಂತ ಮಲಗಿಬಿಟ್ಟಿದ್ದ. ಅವಳು ಎರಡು ಕೈಯಲ್ಲೂ ಅವನನ್ನು ಹಿಡಿದು ಕೂತೇ ಇದ್ದಳು.

ನಾಲ್ಕನೆಯ ಸಲವೋ ಐದನೆಯ ಸಲವೋ ಅವರು ಎದುರಿಗೆ ಹಾಯ್ದು ಹೋಗುವಾಗ ಮಗಳ ದನಿ ಸ್ಪಷ್ಟವಾಗಿ ಕೇಳಿಸಿತು. “ಮತ್ತ ಅವತ್ತ ದೀಪ ಯಾಕ ಬಿಡ್ಲಿಲ್ಲ ದೊಡ್ಡಾಯಿ?”

ಬುಚ್ಚಮ್ಮ ಏನೋ ಹೇಳಿದಳು. ಅಷ್ಟರಲ್ಲಿ ಇಬ್ಬರೂ ಹಿತ್ತಲ ಕಡೆ ತಿರುಗಿದ್ದರು, ಉಮಾಶ್ರೀಗೆ ಅದು ಕೇಳಿಸಲಿಲ್ಲ.